ಮುಂಗಡ ಪಡೆದು ಮೌನವಾದ ಫ್ರೀಲ್ಯಾನ್ಸರ್: ಕೆಲಸ ಕೊಟ್ಟವರು ಮಾಡಬೇಕಾದುದೇನು?

ಲೇಬಲ್ಲಿನ ವಿನ್ಯಾಸ, ಸರಕುಗಳ ಛಾಯಾಚಿತ್ರ, ಕ್ಯಾಟಲಾಗು, ಜಾಲತಾಣ, ಲೆಕ್ಕಪತ್ರದ ತಂತ್ರಾಂಶದಲ್ಲಿ ಸಣ್ಣಪುಟ್ಟ ಮಾರ್ಪಾಡು ಮುಂತಾದ ಕೆಲಸಗಳನ್ನು ಸ್ವತಂತ್ರವಾಗಿ ದುಡಿಯುವ ವ್ಯಕ್ತಿಗಳಿಗೆ, ಅಂದರೆ ಫ್ರೀಲ್ಯಾನ್ಸರ್‌ಗಳಿಗೆ, ಒಪ್ಪಿಸುವ ಪರಿಪಾಠ ನಮ್ಮ ಸಣ್ಣ ಉದ್ದಿಮೆದಾರರಲ್ಲಿ ಚೆನ್ನಾಗಿ ಬೇರೂರಿದೆ. ಖರ್ಚು ಕಡಿಮೆ, ಮಾತುಕತೆ ನೇರ. ಕೆಲಸ ಮಾಡುವವರೊಡನೆಯೇ ವ್ಯವಹರಿಸಬಹುದು. ಇವುಗಳಲ್ಲಿ ಹೆಚ್ಚಿನವು ಸುಸೂತ್ರವಾಗಿಯೇ ಮುಗಿಯುತ್ತವೆ. ಮುಗಿಯದಿದ್ದಾಗ ಮಾತ್ರ ತೊಡಕು ಒಂದು ನಿರ್ದಿಷ್ಟ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಮುಂಗಡ ಸಂದಾಯವಾಗಿರುತ್ತದೆ, ಅರ್ಧ ಕೆಲಸ ಆಗಿರುತ್ತದೆ, ಅನಂತರ ದೂರವಾಣಿ ಕರೆಗೆ ಉತ್ತರವಿರುವುದಿಲ್ಲ. ಸಂದೇಶ ತಲುಪಿದ ಗುರುತು ಕಾಣುತ್ತದೆ, ಮರುಮಾತು ಬರುವುದಿಲ್ಲ. ಇತ್ತ ದೀಪಾವಳಿಯ ಮಾರಾಟಕ್ಕೆ ಡಬ್ಬಿಗಳ ಮುದ್ರಣ ನಿಂತಿರುತ್ತದೆ, ಅಥವಾ ವಸ್ತುಪ್ರದರ್ಶನದ ಮಳಿಗೆಗೆ ಹಣ ಕಟ್ಟಿಯಾಗಿರುತ್ತದೆ.

ಇಂಥ ಸಂದರ್ಭದಲ್ಲಿ ವರ್ತಕರ ಗಮನವೆಲ್ಲ ಕೊಟ್ಟ ಮುಂಗಡದ ಮೇಲೆಯೇ ನೆಡುವುದು ಸಹಜ. ಆದರೆ ಹದಿನೈದು ಇಪ್ಪತ್ತು ಸಾವಿರ ರೂಪಾಯಿಗಳ ಮುಂಗಡಕ್ಕಿಂತ ಹೆಚ್ಚಿನದೊಂದು ಆ ವ್ಯಕ್ತಿಯ ಕೈಯಲ್ಲಿರುತ್ತದೆ. ಉದ್ದಿಮೆಯ ಹೆಸರಿನ ಜಾಲತಾಣದ ವಿಳಾಸ, ಗುಪ್ತಪದಗಳು, ಲೇಬಲ್ಲಿನ ಮೂಲ ಕಡತ ಎಲ್ಲವೂ ಅವರ ಬಳಿ ಇರುತ್ತವೆ. ಹಣ ಹೋದರೆ ಒಂದು ಬಾರಿಯ ನಷ್ಟ. ಇವು ಕೈತಪ್ಪಿದರೆ ವ್ಯಾಪಾರವೇ ನಿಲ್ಲಬಹುದು. ಆದ್ದರಿಂದ ಮೌನ ಎದುರಾದಾಗ ಮೊದಲು ಈ ಸ್ವತ್ತುಗಳನ್ನು ಭದ್ರಪಡಿಸಿಕೊಳ್ಳಬೇಕು, ಜೊತೆಜೊತೆಗೆ ದಿನಾಂಕ ನಮೂದಿಸಿದ ಪತ್ರ ಬರೆಯಬೇಕು. ಹಣದ ಪ್ರಶ್ನೆ ಇವೆರಡರ ನಂತರದ್ದು.

ಮೊದಲು ನಮ್ಮ ಕಡತವನ್ನೇ ನೋಡುವುದು

ಪತ್ರ ಬರೆಯುವುದಕ್ಕೂ ಮುನ್ನ ನಮ್ಮ ಕಡೆಯಿಂದ ಕೊಡಬೇಕಾದುದನ್ನೆಲ್ಲ ಕೊಟ್ಟಿದ್ದೇವೆಯೇ ಎಂಬುದನ್ನು ಪರಿಶೀಲಿಸಬೇಕು. ಉತ್ಪನ್ನಗಳ ಪಟ್ಟಿ, ಅಳತೆಗಳು, ಬೆಲೆ, ಜಿ.ಎಸ್.ಟಿ. ಸಂಖ್ಯೆ, ಕರಡಿನ ಬಗ್ಗೆ ಒಪ್ಪಿಗೆ – ಇವುಗಳಲ್ಲಿ ಒಂದಾದರೂ ನಮ್ಮಲ್ಲಿಯೇ ಬಾಕಿ ಉಳಿದಿರುವುದು ಅಪರೂಪವೇನಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 67ನೆಯ ಕಲಂ ಈ ಕುರಿತು ಸ್ಪಷ್ಟವಾಗಿದೆ. ಕೆಲಸ ಮಾಡಿಸಿಕೊಳ್ಳುವವನು ಅದಕ್ಕೆ ಬೇಕಾದ ಅನುಕೂಲವನ್ನು ಒದಗಿಸಲು ಉಪೇಕ್ಷೆ ಮಾಡಿದರೆ, ಆ ಉಪೇಕ್ಷೆಯಿಂದಾಗಿ ಕೆಲಸ ಆಗದಿದ್ದುದಕ್ಕೆ ಮಾಡುವವನು ಹೊಣೆಯಲ್ಲ. ಕಾಯ್ದೆಯೇ ಕೊಡುವ ಉದಾಹರಣೆ ಮನೆ ದುರಸ್ತಿಯದು: ದುರಸ್ತಿ ಎಲ್ಲೆಲ್ಲಿ ಆಗಬೇಕೆಂದು ಮನೆಯ ಮಾಲೀಕನು ತೋರಿಸಿಕೊಡದಿದ್ದರೆ, ಆ ಕಾರಣಕ್ಕೆ ಕೆಲಸ ನಿಂತಲ್ಲಿ ಗುತ್ತಿಗೆದಾರನ ಮೇಲೆ ತಪ್ಪು ಹೊರಿಸಲಾಗದು. ಛಾಯಾಚಿತ್ರಗಳನ್ನು ಕಳುಹಿಸದೆ ಕ್ಯಾಟಲಾಗು ಎಲ್ಲಿ ಎಂದು ಕೇಳುವವರಿಗೂ ಇದೇ ನ್ಯಾಯ ಅನ್ವಯಿಸುತ್ತದೆ.

ಮೌನಕ್ಕೆ ಮೋಸವೇ ಕಾರಣವೆಂದು ಮೊದಲ ದಿನವೇ ತೀರ್ಮಾನಿಸಬೇಕಾಗಿಲ್ಲ. ಒಬ್ಬಂಟಿಯಾಗಿ ದುಡಿಯುವವರಿಗೆ ಕಾಯಿಲೆಯಾದರೆ ಉತ್ತರ ಹೇಳಲು ಕಚೇರಿಯಲ್ಲಿ ಎರಡನೆಯವರು ಇರುವುದಿಲ್ಲ. ಏಕಕಾಲಕ್ಕೆ ನಾಲ್ಕೈದು ಕೆಲಸ ಒಪ್ಪಿಕೊಂಡು, ಯಾವುದನ್ನೂ ಮುಗಿಸಲಾಗದೆ, ಯಾರಿಗೆ ಏನು ಹೇಳುವುದೆಂದು ತೋಚದೆ ಕರೆಯನ್ನೇ ಸ್ವೀಕರಿಸದವರೂ ಉಂಟು. ತಡಮಾಡಿದವರಿಗೆ ನಾಚಿಕೆ; ಕೋಪದ ಕರೆಗಳು ಹೆಚ್ಚಿದಷ್ಟೂ ನಾಚಿಕೆ ಬೆಳೆಯುತ್ತದೆ, ಮೌನವೂ ಬೆಳೆಯುತ್ತದೆ. ಹೀಗಾಗಿ ಮೊದಲ ಸಂದೇಶದಲ್ಲಿ ಪೂರ್ಣ ಕೆಲಸವನ್ನು ಕೇಳುವುದಕ್ಕಿಂತ, ‘ಈವರೆಗೆ ಆಗಿರುವುದನ್ನು ಇದ್ದ ಸ್ಥಿತಿಯಲ್ಲಿಯೇ ಕಳುಹಿಸಿರಿ’ ಎಂದು ಕೇಳುವುದು ಹೆಚ್ಚು ಫಲಕಾರಿ. ಈಡೇರಿಸಲು ಸುಲಭವಾದ ಕೋರಿಕೆಗೆ ಉತ್ತರ ಬರುವ ಸಂಭವ ಹೆಚ್ಚು. ಬಂದಲ್ಲಿ ಅರ್ಧ ಕೆಲಸವಾದರೂ ನಮ್ಮ ಕೈಸೇರಿದಂತಾಯಿತು.

ಪತ್ರದಲ್ಲಿ ಇರಬೇಕಾದುದು

ಎರಡು ಮೂರು ದಿನ ಕಾದು ನೋಡಿದ ಮೇಲೆ ದೂರವಾಣಿಯನ್ನು ಬದಿಗಿಟ್ಟು ಬರವಣಿಗೆಗೆ ಬರಬೇಕು. ವಾಟ್ಸ್‌ಆಪ್‌ನಲ್ಲಿ ಹರಿದು ಹಂಚಿಹೋದ ಇಪ್ಪತ್ತು ಸಂದೇಶಗಳಿಗಿಂತ ಒಂದು ಇ-ಮೇಲ್ ಹೆಚ್ಚು ಬೆಲೆಯುಳ್ಳದ್ದು. ಅದರ ಒಕ್ಕಣೆ ಹೆಚ್ಚು ಕಡಿಮೆ ಹೀಗಿರಬಹುದು:

‘ಮಾನ್ಯರೆ, ನಮ್ಮ ಸಂಸ್ಥೆಯ ಕ್ಯಾಟಲಾಗಿನ ವಿನ್ಯಾಸವನ್ನು 40,000 ರೂ.ಗಳಿಗೆ ಮಾಡಿಕೊಡಲು ತಾವು ಒಪ್ಪಿ, ಇಂಥ ದಿನಾಂಕದಂದು 16,000 ರೂ. ಮುಂಗಡ ಪಡೆದಿದ್ದೀರಿ. 24 ಪುಟಗಳ ಪೈಕಿ 9 ಪುಟಗಳ ಕರಡು ತಲುಪಿದೆ. ಒಪ್ಪಿದ ದಿನಾಂಕ ಕಳೆದು ಎರಡು ವಾರಗಳಾಗಿವೆ. ನಮ್ಮಿಂದ ಯಾವುದಾದರೂ ಮಾಹಿತಿ ಬರಬೇಕಾಗಿದ್ದಲ್ಲಿ ದಯವಿಟ್ಟು ತಿಳಿಸಿರಿ. ಉಳಿದ ಪುಟಗಳನ್ನು ಇಂಥ ದಿನಾಂಕದ ಸಂಜೆಯೊಳಗೆ ಕಳುಹಿಸಬೇಕೆಂದು ಕೋರುತ್ತೇವೆ. ಅಷ್ಟರೊಳಗೆ ಉತ್ತರ ಬಾರದಿದ್ದಲ್ಲಿ ಕರಾರನ್ನು ಕೊನೆಗೊಳಿಸಿ, ಉಳಿದ ಕೆಲಸವನ್ನು ಬೇರೆಯವರಿಂದ ಮಾಡಿಸಿ, ಹೆಚ್ಚುವರಿ ವೆಚ್ಚವನ್ನು ತಮ್ಮಿಂದ ಪಡೆಯುವ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇವೆ.’

ಇದರಲ್ಲಿ ಬೈಗುಳವಿಲ್ಲ, ಬೆದರಿಕೆಯೂ ಇಲ್ಲ. ಏನು ಒಪ್ಪಿಗೆಯಾಗಿತ್ತು, ಎಷ್ಟು ಕೊಟ್ಟಿದ್ದೇವೆ, ಎಷ್ಟು ಬಂದಿದೆ, ಯಾವ ದಿನದೊಳಗೆ ಏನು ಬೇಕು, ಬಾರದಿದ್ದರೆ ಏನು ಮಾಡುತ್ತೇವೆ ಎಂಬ ಸಂಗತಿಗಳಷ್ಟೇ ಇವೆ. ಗಡುವು ವಾಸ್ತವಿಕವಾಗಿರಬೇಕು. ಹದಿನೈದು ಪುಟಗಳನ್ನು ಎರಡು ದಿನದಲ್ಲಿ ಕೇಳಿದರೆ ಮುಂದೆ ಆ ಪತ್ರವೇ ನಮಗೆ ತಿರುಗುಬಾಣವಾದೀತು.

ದಿನಾಂಕಕ್ಕೆ ಇಷ್ಟೊಂದು ಮಹತ್ವವೇಕೆ ಎಂದರೆ, ಕರಾರು ಕಾಯ್ದೆಯಲ್ಲಿ ಬಹಳಷ್ಟು ಸಂಗತಿಗಳು ಅದನ್ನೇ ಅವಲಂಬಿಸಿವೆ. ಅವಧಿಯನ್ನೇ ಹೇಳಿರದಿದ್ದರೆ 46ನೆಯ ಕಲಮಿನಂತೆ ಕೆಲಸ ‘ಸಮಂಜಸ ಕಾಲ’ದಲ್ಲಿ ಆಗಬೇಕು, ಸಮಂಜಸ ಎಂದರೆ ಎಷ್ಟು ದಿನ ಎಂಬುದು ಪ್ರತಿ ಪ್ರಕರಣದಲ್ಲಿಯೂ ವಾದದ ವಿಷಯ. ಅವಧಿಯನ್ನು ಹೇಳಿದ್ದು, ಅದೇ ಕರಾರಿನ ಜೀವಾಳವೆಂಬುದು ಇಬ್ಬರ ಉದ್ದೇಶವಾಗಿದ್ದರೆ, ತಪ್ಪಿದಾಗ ಕರಾರನ್ನು ರದ್ದುಪಡಿಸುವ ಅವಕಾಶ 55ನೆಯ ಕಲಮಿನಲ್ಲಿದೆ. ಅದೇ ಕಲಮಿನ ಕೊನೆಯ ಭಾಗವನ್ನು ವರ್ತಕರು ವಿಶೇಷವಾಗಿ ಗಮನಿಸಬೇಕು. ಹೀಗೆ ರದ್ದುಪಡಿಸಬಹುದಾಗಿದ್ದ ಕರಾರಿನಲ್ಲಿ ತಡವಾಗಿ ಬಂದ ಕೆಲಸವನ್ನು ಸ್ವೀಕರಿಸಿದರೆ, ವಿಳಂಬದ ಪರಿಹಾರವನ್ನು ಕೇಳುವ ಹಕ್ಕು ಹೋಗುತ್ತದೆ. ಪರಿಹಾರ ಕೇಳುವ ಉದ್ದೇಶವಿದೆ ಎಂದು ಸ್ವೀಕರಿಸುವಾಗಲೇ ತಿಳಿಸಿದ್ದರೆ ಮಾತ್ರ ಅದು ಉಳಿಯುತ್ತದೆ. ‘ಕೊನೆಗೂ ಬಂತಲ್ಲ’ ಎಂಬ ಸಮಾಧಾನದಲ್ಲಿ ಸುಮ್ಮನೆ ತೆಗೆದುಕೊಂಡವರು ಆಮೇಲೆ ತಕರಾರು ಎತ್ತುವಂತಿಲ್ಲ.

ಇ-ಮೇಲ್‌ಗೂ ಉತ್ತರ ಬಾರದಿದ್ದರೆ ಅದರ ಪ್ರತಿಯನ್ನು ಅಂಚೆಯ ಮೂಲಕ ಕಳುಹಿಸುವುದು ಒಳಿತು. ನಮ್ಮ ಹಿರಿಯ ವರ್ತಕರು ನೆಚ್ಚಿಕೊಂಡಿದ್ದ ನೋಂದಾಯಿತ ಅಂಚೆಯನ್ನು ಇಲಾಖೆಯು 2025ರಲ್ಲಿ ಸ್ಪೀಡ್ ಪೋಸ್ಟ್‌ನೊಂದಿಗೆ ವಿಲೀನಗೊಳಿಸಿರುವುದರಿಂದ, ಈಗ ಅದರಲ್ಲಿಯೇ ಕಳುಹಿಸಿ ತಲುಪಿದ ದಾಖಲೆಯನ್ನು ಇಟ್ಟುಕೊಳ್ಳಬೇಕು. ವಾಟ್ಸ್‌ಆಪ್ ಸಂಭಾಷಣೆಯನ್ನು ಅಳಿಸಬಾರದು. ವಿದ್ಯುನ್ಮಾನ ದಾಖಲೆಗಳು ಸಾಕ್ಷ್ಯವಾಗಬಲ್ಲವಾದರೂ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಅವುಗಳ ಮುದ್ರಿತ ಪ್ರತಿಯೊಡನೆ ನಿಗದಿತ ಪ್ರಮಾಣಪತ್ರವನ್ನು ಸಲ್ಲಿಸಬೇಕಾಗುತ್ತದೆ. ದೂರವಾಣಿಯ ಉಪಕರಣವನ್ನೇ ಬದಲಾಯಿಸಿ ಹಳೆಯದನ್ನು ಮಾರಿಬಿಟ್ಟರೆ ತೊಂದರೆ.

ಡೈ ಯಾರ ಹೆಸರಿನಲ್ಲಿದೆ?

ಪೀಣ್ಯದಲ್ಲಾಗಲಿ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ, ಹೊರಗಿನ ಷಾಪಿಗೆ ಜಾಬ್ ವರ್ಕ್ ಕೊಡುವ ತಯಾರಕರಿಗೆ ಒಂದು ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ: ಡೈ ನಮ್ಮದು, ಚಲನ್ ಮೇಲೆ ಹೋಗುತ್ತದೆ, ಚಲನ್ ಮೇಲೆ ವಾಪಸು ಬರುತ್ತದೆ. ಹಿಂದೆ ಲೇಬಲ್ಲಿಗೆ ಬ್ಲಾಕ್ ಮಾಡಿಸಿದವರೂ ಮುದ್ರಣ ಮುಗಿದೊಡನೆ ಅದನ್ನು ಅಂಗಡಿಗೆ ತಂದು ಬೀರುವಿನಲ್ಲಿಡುತ್ತಿದ್ದರು. ಅಷ್ಟು ಎಚ್ಚರವುಳ್ಳ ಜನರೇ ಜಾಲತಾಣದ ವಿಷಯದಲ್ಲಿ ‘ಎಲ್ಲವನ್ನೂ ನೀವೇ ನೋಡಿಕೊಳ್ಳಿ’ ಎಂದುಬಿಡುತ್ತಾರೆ. ಆಗ ಕೆಲಸಗಾರರು ಡೊಮೈನ್ ಹೆಸರನ್ನು ತಮ್ಮ ಖಾತೆಯಲ್ಲಿ, ತಮ್ಮ ಇ-ಮೇಲ್ ವಿಳಾಸ ಕೊಟ್ಟು ನೋಂದಾಯಿಸುತ್ತಾರೆ. ಇದರಲ್ಲಿ ದುರುದ್ದೇಶ ಇರಲೇಬೇಕೆಂದಿಲ್ಲ, ಅವರಿಗೆ ಅದು ಸುಲಭ. ಆದರೆ ನವೀಕರಣದ ನೆನಪೋಲೆ ಅವರಿಗೇ ಹೋಗುತ್ತದೆ. ಅವರು ಮೌನವಾದರೆ ಆ ಓಲೆಯೂ ಮೌನವಾಗುತ್ತದೆ. ಒಂದು ಬೆಳಗ್ಗೆ ಜಾಲತಾಣ ತೆರೆಯುವುದಿಲ್ಲ, ಅದೇ ಹೆಸರಿನ ಇ-ಮೇಲ್ ವಿಳಾಸಗಳೂ ನಿಲ್ಲುತ್ತವೆ, ಗ್ರಾಹಕರ ಆರ್ಡರುಗಳು ಎಲ್ಲಿಗೂ ತಲುಪುವುದಿಲ್ಲ.

ಆದ್ದರಿಂದ ಉತ್ತರ ನಿಂತ ವಾರದಲ್ಲಿಯೇ ಕೆಲವು ವಿಚಾರಣೆ ಆಗಬೇಕು. ಡೊಮೈನ್ ಹೆಸರಿನ ನೋಂದಣಿ ಯಾವ ರಿಜಿಸ್ಟ್ರಾರ್ ಬಳಿ ಇದೆ, ಅವಧಿ ಎಂದು ಮುಗಿಯುತ್ತದೆ ಎಂಬ ವಿವರ ‘ಹೂಈಸ್’ ಎಂಬ ಸಾರ್ವಜನಿಕ ಶೋಧದಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ನೋಂದಣಿದಾರರ ಹೆಸರು ಮರೆಯಾಗಿರಬಹುದು, ಆದರೂ ಅವಧಿ ತಿಳಿಯುವುದೇ ದೊಡ್ಡ ಅನುಕೂಲ. ನಮ್ಮ ಹೆಸರಿನಲ್ಲಿಯೇ ನೋಂದಣಿಯಾಗಿದ್ದು ಗುಪ್ತಪದ ಮಾತ್ರ ತಿಳಿಯದಿದ್ದರೆ, ಗುರುತಿನ ದಾಖಲೆ ಹಾಗೂ ಹಣ ಕಟ್ಟಿದ ರಸೀತಿಯೊಂದಿಗೆ ರಿಜಿಸ್ಟ್ರಾರ್ ಅನ್ನು ನೇರವಾಗಿ ಸಂಪರ್ಕಿಸಬಹುದು. ಕೆಲಸಗಾರರ ಹೆಸರಿನಲ್ಲಿದ್ದರೆ ಕಷ್ಟ ಹೆಚ್ಚು. ‘ಡಾಟ್ ಇನ್’ ಹೆಸರುಗಳ ಆಡಳಿತ ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯಲ್ಲಿ ಇಂಥ ವಿವಾದಗಳಿಗೆ ಮಧ್ಯಸ್ಥಿಕೆಯ ಏರ್ಪಾಡು ಇದೆಯಾದರೂ, ಆ ಹೆಸರಿನ ಮೇಲೆ ನಮಗೆ ವ್ಯಾಪಾರ ಚಿಹ್ನೆ ಮುಂತಾದ ಹಕ್ಕು ಇರುವುದನ್ನೂ ಎದುರಾಳಿಯ ದುರುದ್ದೇಶವನ್ನೂ ತೋರಿಸಬೇಕಾಗುತ್ತದೆ. ಬರೀ ಮೌನ ದುರುದ್ದೇಶವೆನಿಸದು.

ಜಾಲತಾಣದ ಒಳಗಿನ ಬರಹ, ಚಿತ್ರಗಳ ಪ್ರತಿಯನ್ನು ಮೊದಲು ತೆಗೆದಿಟ್ಟುಕೊಂಡು, ನಮ್ಮ ಹೆಸರಿನಲ್ಲಿರುವ ಖಾತೆಗಳ ಗುಪ್ತಪದಗಳನ್ನು ಅನಂತರ ಬದಲಾಯಿಸಬೇಕು. ಆನ್‌ಲೈನ್ ಮಾರುಕಟ್ಟೆಯ ಮಾರಾಟಗಾರರ ಖಾತೆ, ಪಾವತಿ ಗೇಟ್‌ವೇ, ಗೂಗಲ್ ನಕ್ಷೆಯಲ್ಲಿನ ಅಂಗಡಿಯ ವಿವರ ಇವುಗಳನ್ನು ಮರೆಯಬಾರದು. ಕೆಲಸಗಾರರ ಸ್ವಂತ ಖಾತೆಗೆ ಬೇರೊಬ್ಬ ‘ತಜ್ಞ’ರ ನೆರವಿನಿಂದ ನುಗ್ಗುವ ಸಾಹಸ ಮಾತ್ರ ಬೇಡ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಅದು ಅಪರಾಧವಾಗಬಹುದು. ದೂರು ಕೊಡಬೇಕಾದವರೇ ದೂರಿಗೆ ಗುರಿಯಾಗುತ್ತಾರೆ.

ಅರ್ಧ ಕೆಲಸದ ಒಡೆತನ

ಹಣ ಕೊಟ್ಟವರೇ ಒಡೆಯರು ಎಂಬ ನಂಬಿಕೆ ಸರಕಿನ ವ್ಯಾಪಾರದಲ್ಲಿ ಸರಿ, ಸೃಜನಶೀಲ ಕೆಲಸದಲ್ಲಿ ಸಂಪೂರ್ಣ ಸರಿಯಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನಂತೆ ಕೃತಿಯ ಮೊದಲ ಒಡೆಯರು ಅದರ ಕರ್ತೃ. ನಮ್ಮಲ್ಲಿ ಸಂಬಳಕ್ಕಿರುವ ನೌಕರರು ಕೆಲಸದ ಭಾಗವಾಗಿ ಮಾಡಿದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕರದು. ಹಣ ಕೊಟ್ಟು ತೆಗೆಸಿದ ಛಾಯಾಚಿತ್ರವೂ ಅದೇ ರೀತಿ ತೆಗೆಸಿದವರದು. ಆದರೆ ಫ್ರೀಲ್ಯಾನ್ಸರ್ ಬರೆದುಕೊಟ್ಟ ಕ್ಯಾಟಲಾಗಿನ ಬರಹ, ಜಾಲತಾಣದ ಪ್ರೋಗ್ರಾಂ ಇವುಗಳ ಕೃತಿಸ್ವಾಮ್ಯ, ಲಿಖಿತ ವರ್ಗಾವಣೆ ಇಲ್ಲದಿದ್ದರೆ, ಅವರಲ್ಲಿಯೇ ಉಳಿಯುತ್ತದೆ. ವರ್ಗಾವಣೆ ಬರವಣಿಗೆಯಲ್ಲಿದ್ದು ಸಹಿಯಾಗಿರಬೇಕೆಂದು 19ನೆಯ ಕಲಂ ಹೇಳುತ್ತದೆ. ಅವಧಿಯನ್ನು ಬರೆಯದಿದ್ದರೆ ಐದು ವರ್ಷ, ಪ್ರದೇಶವನ್ನು ಬರೆಯದಿದ್ದರೆ ಭಾರತ ಎಂದಷ್ಟೇ ಭಾವಿಸಲಾಗುತ್ತದೆ. ದುಬೈಗೋ ಸಿಂಗಪುರಕ್ಕೋ ಸರಕು ಕಳುಹಿಸುವವರು ಇದನ್ನು ಗಮನದಲ್ಲಿಡಬೇಕು.

ಹಾಗಾದರೆ ಅರ್ಧಕ್ಕೆ ನಿಂತ ಕೆಲಸವನ್ನು ಬೇರೆಯವರಿಗೆ ಕೊಡಬಾರದೇ? ಕೊಡಬಹುದು. ಹಳೆಯದನ್ನು ಹಾಗೆಯೇ ಮುಂದುವರಿಸಬೇಕೆಂದಿದ್ದರೆ, ಆದ ಕೆಲಸದ ಬೆಲೆಯನ್ನು ಇತ್ಯರ್ಥಪಡಿಸಿ ಒಂದು ಸಾಲಿನ ಲಿಖಿತ ವರ್ಗಾವಣೆ ಪಡೆಯುವುದು ಕ್ಷೇಮ. ಅದು ಸಾಧ್ಯವಾಗದಿದ್ದಲ್ಲಿ ಹೊಸಬರಿಂದ ಹೊಸದಾಗಿಯೇ ಮಾಡಿಸುವುದು ಲೇಸು. ಲೇಬಲ್ಲಿನ ವಿಷಯದಲ್ಲಂತೂ ಇದಕ್ಕೆ ರಾಜಿಯಿರಬಾರದು. ಹತ್ತು ವರ್ಷ ಮಾರುಕಟ್ಟೆಯಲ್ಲಿ ಓಡಬೇಕಾದ ಗುರುತಿಗೆ ಒಡೆತನದ ಸಂದೇಹ ಅಂಟಿಕೊಂಡಿರುವುದು ತರವಲ್ಲ.

ಹಣ ಹಿಂದಕ್ಕೆ ಬರುವುದೇ?

ಮೇಲಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಒಟ್ಟು 40,000 ರೂ., ಕೊಟ್ಟದ್ದು 16,000 ರೂ., ಕೊಡಬೇಕಿದ್ದ ಬಾಕಿ 24,000 ರೂ. ಬಂದಿರುವ ಒಂಬತ್ತು ಪುಟಗಳು ಬಳಕೆಗೆ ಯೋಗ್ಯವಾಗಿದ್ದು, ಅವುಗಳನ್ನು ಬಳಸಲು ಒಪ್ಪಿಗೆಯೂ ಇದ್ದು, ಉಳಿದದ್ದನ್ನು ಹೊಸಬರು 30,000 ರೂ.ಗಳಿಗೆ ಮುಗಿಸಿದರೆ, ನಮ್ಮ ನೇರ ನಷ್ಟ 6,000 ರೂ. ಮಾತ್ರ, 16,000 ಅಲ್ಲ. ಒಂಬತ್ತು ಪುಟಗಳು ನಿರುಪಯುಕ್ತವಾಗಿ, ಎಲ್ಲವನ್ನೂ ಅದೇ 40,000 ರೂ.ಗಳಿಗೆ ಮತ್ತೆ ಮಾಡಿಸಬೇಕಾದರೆ ಮಾತ್ರ ಮುಂಗಡ ಪೂರ್ತಿ ನಷ್ಟದ ಲೆಕ್ಕಕ್ಕೆ ಬರುತ್ತದೆ. ಕೇಳುವ ಮೊತ್ತಕ್ಕೆ ಇಂಥ ಲೆಕ್ಕದ ಆಧಾರ ಇದ್ದಾಗ ಎದುರಿನವರು ಒಪ್ಪುವ ಸಾಧ್ಯತೆಯೂ ಹೆಚ್ಚು.

ಕ್ಯಾಟಲಾಗು ಇಲ್ಲದೆ ಪ್ರದರ್ಶನದಲ್ಲಿ ಕೈತಪ್ಪಿದ ವ್ಯಾಪಾರದ ಲಾಭವನ್ನು ಕೇಳಬಹುದೇ? ಕರಾರು ಕಾಯ್ದೆಯ 73ನೆಯ ಕಲಂ ಸಹಜವಾಗಿ ಉಂಟಾದ ನಷ್ಟಕ್ಕೆ, ಇಲ್ಲವೇ ಕರಾರು ಮಾಡಿಕೊಳ್ಳುವಾಗಲೇ ಇಬ್ಬರಿಗೂ ತಿಳಿದಿದ್ದ ಸಂಭವನೀಯ ನಷ್ಟಕ್ಕೆ ಪರಿಹಾರ ಕೊಡಿಸುತ್ತದೆ. ದೂರದ, ಪರೋಕ್ಷ ನಷ್ಟಕ್ಕೆ ಇಲ್ಲ. ಆದ್ದರಿಂದ ‘ಈ ಕ್ಯಾಟಲಾಗು ಇಂಥ ದಿನಾಂಕದ ಪ್ರದರ್ಶನಕ್ಕಾಗಿ’ ಎಂಬ ಮಾತನ್ನು ಕೆಲಸ ಕೊಡುವ ದಿನವೇ ಬರೆದಿಟ್ಟಿರಬೇಕು.

ಎಲ್ಲಿಗೆ ಹೋಗಬೇಕೆಂಬ ಬಗ್ಗೆ ವರ್ತಕರಲ್ಲಿ ಕೆಲವು ತಪ್ಪು ಕಲ್ಪನೆಗಳಿವೆ. ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆಯಾದ್ದರಿಂದ ಗ್ರಾಹಕರ ಆಯೋಗದ ಬಾಗಿಲು ಸಾಮಾನ್ಯವಾಗಿ ತೆರೆಯದು. ಪೊಲೀಸ್ ದೂರಿನ ಮಾತೂ ಅಷ್ಟೇ: ಕರಾರು ಮುರಿದದ್ದೆಲ್ಲ ವಂಚನೆಯಲ್ಲ, ಹಣ ಪಡೆಯುವಾಗಲೇ ಮೋಸದ ಉದ್ದೇಶವಿದ್ದರೆ ಮಾತ್ರ ಅದು ವಂಚನೆ ಎಂದು ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಹೃದಯರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಅರ್ಧ ಕೆಲಸ ಮಾಡಿಕೊಟ್ಟವರ ವಿಷಯದಲ್ಲಿ ಅದನ್ನು ಸಾಧಿಸುವುದು ಕಠಿಣ. 3 ಲಕ್ಷ ರೂ.ಗಳಿಗಿಂತ ಕಡಿಮೆ ಮೊತ್ತದ ವ್ಯಾಜ್ಯ ವಾಣಿಜ್ಯ ನ್ಯಾಯಾಲಯಕ್ಕೂ ಹೋಗುವುದಿಲ್ಲ. ಉಳಿದದ್ದು ಸಿವಿಲ್ ನ್ಯಾಯಾಲಯ. ದಾವೆಗೆ ಕರಾರು ಭಂಗವಾದ ದಿನದಿಂದ ಮೂರು ವರ್ಷಗಳ ಕಾಲಮಿತಿ.

ಅದಕ್ಕೂ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ದಾವೆಪೂರ್ವ ಪ್ರಕರಣವಾಗಿ ಅರ್ಜಿ ಕೊಟ್ಟು ಲೋಕ ಅದಾಲತ್‌ನಲ್ಲಿ ರಾಜಿಗೆ ಯತ್ನಿಸಬಹುದು. ಅಲ್ಲಿ ಆದ ಒಪ್ಪಂದ ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಇಬ್ಬರೂ ಒಪ್ಪಿದರಷ್ಟೇ ಇದು ಸಾಧ್ಯ ಎಂಬುದೇನೋ ನಿಜ. ಆದರೂ ಪ್ರಾಧಿಕಾರದ ನೋಟೀಸು ತಲುಪಿದ ಮೇಲೆ ಮಾತಿಗೆ ಬರುವವರಿದ್ದಾರೆ. ಹದಿನಾರು ಸಾವಿರಕ್ಕಾಗಿ ವಕೀಲರ ಶುಲ್ಕ, ಓಡಾಟ, ಕೆಲಸದ ದಿನಗಳನ್ನು ವ್ಯಯಿಸಬೇಕೇ ಎಂಬುದನ್ನು ವ್ಯಾಪಾರಿಯಾಗಿಯೇ ಲೆಕ್ಕ ಹಾಕಬೇಕು. ಸಣ್ಣ ಮೊತ್ತವಾದರೆ ಒಂದು ಪತ್ರ, ಒಂದು ನೋಟೀಸು, ಒಂದು ರಾಜಿಯ ಯತ್ನ. ಅಲ್ಲಿಗೆ ಕಡತ ಮುಚ್ಚುವುದೇ ಲಾಭಕರವೆಂದು ಈ ಲೇಖಕನ ಅಭಿಪ್ರಾಯ.

ಅಂತರಜಾಲದ ವೇದಿಕೆಗಳ ಮೂಲಕ ಕೆಲಸ ಕೊಟ್ಟವರಿಗೆ ಒಂದು ಅನುಕೂಲವಿದೆ. ಹಣವನ್ನು ವೇದಿಕೆಯೇ ಹಿಡಿದಿಟ್ಟುಕೊಂಡು ಕೆಲಸ ಒಪ್ಪಿಗೆಯಾದ ಮೇಲೆ ಬಿಡುಗಡೆ ಮಾಡುವ ಏರ್ಪಾಡು ಇದ್ದಲ್ಲಿ, ನಿಗದಿತ ದಿನಗಳೊಳಗೆ ಆಕ್ಷೇಪಣೆ ಎತ್ತಬೇಕು. ಕಮಿಷನ್ ಉಳಿಸಲೆಂದು ವೇದಿಕೆಯ ಹೊರಗೆ ಹಣ ಕೊಟ್ಟವರಿಗೆ ಆ ರಕ್ಷಣೆ ಇರುವುದಿಲ್ಲ.

ತಿರುಗಿ ಬಂದಾಗ

ಇಷ್ಟೆಲ್ಲ ಆದ ಮೇಲೆ ಎರಡು ತಿಂಗಳು ಕಳೆದು ಫ್ರೀಲ್ಯಾನ್ಸರ್ ಒಂದು ದಿನ ಪೂರ್ಣ ಕೆಲಸವನ್ನೂ ಬಾಕಿ ಹಣದ ಬಿಲ್ಲನ್ನೂ ಒಟ್ಟಿಗೇ ಕಳುಹಿಸಬಹುದು. ಆಗ ಉಪೇಕ್ಷೆ ಮಾಡುವುದು ಅಪಾಯಕರ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯನ್ನು ನಮ್ಮ ತಯಾರಕರು ದೊಡ್ಡ ಕಂಪನಿಗಳಿಂದ ಬಾಕಿ ವಸೂಲಿಗೆ ಬಳಸುತ್ತಾರಷ್ಟೆ. ಉದ್ಯಮ್ ನೋಂದಣಿ ಇರುವ ಸೇವಾದಾರರೂ, ಒಬ್ಬರೇ ದುಡಿಯುವವರಾದರೂ, ಅದೇ ಅಸ್ತ್ರವನ್ನು ನಮ್ಮ ಮೇಲೆ ಪ್ರಯೋಗಿಸಬಲ್ಲರು. ಒಪ್ಪಂದದಲ್ಲಿ ಏನೇ ಇದ್ದರೂ ಪಾವತಿಯ ಅವಧಿ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಕೆಲಸ ಕೈಸೇರಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ ಅದನ್ನು ಸ್ವೀಕರಿಸಿದಂತೆಯೇ ಎಣಿಸಲಾಗುತ್ತದೆ.

ಆದ್ದರಿಂದ ಅಂಥ ಇ-ಮೇಲ್ ಬಂದ ವಾರದಲ್ಲಿಯೇ ಬರೆದು ಉತ್ತರಿಸಬೇಕು. ಕೆಲಸ ಇನ್ನೂ ಉಪಯೋಗಕ್ಕೆ ಬರುವಂತಿದ್ದರೆ, ವಿಳಂಬದ ಪರಿಹಾರದ ಹಕ್ಕನ್ನು ಕಾಯ್ದಿರಿಸಿ ಸ್ವೀಕರಿಸುತ್ತಿರುವುದಾಗಿ ತಿಳಿಸಿ, ಕಡಿತದ ಮೊತ್ತವನ್ನು ಹೇಳಬೇಕು. ಬೇರೆಯವರಿಂದ ಮಾಡಿಸಿಯಾಗಿದ್ದರೆ, ಇಂಥ ದಿನಾಂಕದ ಪತ್ರದಂತೆ ಕರಾರು ಕೊನೆಗೊಂಡಿದೆ, ಕಳುಹಿಸಿದ್ದನ್ನು ಸ್ವೀಕರಿಸಿಲ್ಲ, ಬಳಸುವುದೂ ಇಲ್ಲ ಎಂದು ಬರೆದು ಲೆಕ್ಕದ ಪ್ರತಿಯನ್ನು ಲಗತ್ತಿಸಬೇಕು. ಮೊದಲಿನ ಒಂಬತ್ತು ಪುಟಗಳನ್ನು ಬಳಸಿಕೊಂಡಿದ್ದಲ್ಲಿ ಅದನ್ನು ಮುಚ್ಚಿಡದೆ, ಅವುಗಳ ಬೆಲೆ ಮುಂಗಡದಲ್ಲಿ ವಜಾ ಆಗಿರುವುದನ್ನು ತೋರಿಸಿ, ವರ್ಗಾವಣೆಯ ಪತ್ರಕ್ಕೆ ಸಹಿಯನ್ನೂ ಡೊಮೈನ್ ಹೆಸರಿನ ಹಸ್ತಾಂತರವನ್ನೂ ಅದೇ ಓಲೆಯಲ್ಲಿ ಕೇಳಬೇಕು. ತಾವಾಗಿಯೇ ಸಂಪರ್ಕಕ್ಕೆ ಬಂದಿರುವ ಆ ವಾರದಲ್ಲಿ ಸಹಿ ಸಿಗುವಷ್ಟು ಸುಲಭವಾಗಿ ಮತ್ತೆ ಸಿಗುವುದಿಲ್ಲ.